ಎರಡಂಕಿ ಬೈಕು

ನಮ್ಮನೆಯಲ್ಲಿ ಒಂದು ಯಮಹಾ ಆರ್‌ಎಕ್ಸ್ 100 ಇದೆ. ಅಪ್ಪನದು. 98 ಸಿಸಿ, ಟೂ ಸ್ಟ್ರೋಕ್, ಕಿಕ್ ಹೊಡೆದರೆ ಮಾತ್ರ ಏಳುತ್ತದೆ. 1985ರಲ್ಲಿ ಬಂದ ಈ ಗಾಡಿ 1996ಕ್ಕೆ ನಿಂತುಹೋಯಿತು. ಅಂದರೆ ತಯಾರಾಗುವುದು ನಿಂತಿತು. ಚಿಕ್ಕಮಗಳೂರಿನ ರಸ್ತೆಗಳಲ್ಲಿ ಓಡುವುದು ಇನ್ನೂ ನಿಂತಿಲ್ಲ. ಆಲ್ದೂರಿನಿಂದ ಪೇಟೆಗೆ ಅಪ್ಪ ಇದರ ಮೇಲೆ ಎರಡೆರಡು ಮೂಟೆ ಕಾಫಿ ಹೇರಿಕೊಂಡು ಹೋಗುತ್ತಿದ್ದರು. ಮೂಟೆ ಅಂದರೆ 50 ಕೆ.ಜಿ. ಅಂಗಡಿಯಲ್ಲಿ ಚೀಲದ ತೂಕ ಅಂತ ಮೂಟೆಗೊಂದು ಕೆ.ಜಿ. ಕಳೆಯುತ್ತಿದ್ದರು. ಖಾಲಿ ಚೀಲ ಎಲ್ಲಾದರೂ ಒಂದು ಕೆ.ಜಿ. ತೂಗುತ್ತಾ ಅಂತ ಅಪ್ಪ ಜಗಳ ಆಡುತ್ತಿದ್ದರು. ಈಗ ನಾನು ಆಡುತ್ತೇನೆ. ಬೈಕಿನ ಜೊತೆ ಆಸ್ತಿಯಾಗಿ ಬಂದದ್ದು ಆ ಜಗಳವೂ ಒಂದು.

ನನ್ನ ತಲೆಗೆ ಹುಳ ಹೊಕ್ಕಿದ್ದು ಕಳೆದ ಮಳೆಗಾಲದಲ್ಲಿ. ಕಂಪನಿ ಪುಸ್ತಕದ ಲೆಕ್ಕದಲ್ಲಿ ಈ ಗಾಡಿ 103 ಕೆ.ಜಿ. ಇನ್ನು ನಾಲ್ಕೇ ನಾಲ್ಕು ಕೆ.ಜಿ. ಇಳಿಸಿದರೆ ಎರಡಂಕಿ! ಎಂಜಿನ್ನಿಗೆ ಕೈ ಹಚ್ಚದೆ ಮುಳ್ಳಯ್ಯನಗಿರಿಗೆ ಹಕ್ಕಿ ಹಾಗೆ ಹತ್ತಬಹುದು.

"ನೀವೇ ನಾಲ್ಕು ಕೆ.ಜಿ. ಇಳಿದುಬಿಡಿ. ಸ್ಪ್ಯಾನರೂ ಬೇಡ," ಅಂದಳು ಹೆಂಡತಿ. ಇದೇ ಮಾತನ್ನು ಆಮೇಲೆ ಊರಲ್ಲಿ ಹನ್ನೊಂದು ಜನ ಹೇಳಿದರು. ಹನ್ನೊಂದೂ ಜನ ಈಗಷ್ಟೇ ಹೊಳೆಯಿತು ಅನ್ನೋ ಹಾಗೆ ನಕ್ಕರು.

ಆಳು ಲೆಕ್ಕದ ಹಳೆ ಪುಸ್ತಕದಲ್ಲಿ ಖಾಲಿ ಹಾಳೆ ಹುಡುಕಿ ನಡುವೆ ಗೆರೆ ಎಳೆದೆ. ಎಡಕ್ಕೆ 'ತೆಗೆದದ್ದು', ಬಲಕ್ಕೆ 'ಹಾಕಿದ್ದು'. ಅಡುಗೆಮನೆಯ ಪುಟ್ಟ ತೂಕದ ಯಂತ್ರ ಕೊಟ್ಟಿಗೆಗೆ ಬಂತು. ಮೊದಲ ದಿನ ಮಡ್‌ಗಾರ್ಡಿನ ಒಳಗೆ ಕೆರೆದಾಗ ಸಿಕ್ಕಿದ್ದು ಎರಡು ಕೆ.ಜಿ. ಮಣ್ಣು. ಮೂವತ್ತು ವರ್ಷದ ಮಣ್ಣು, ಪದರ ಪದರವಾಗಿ. ಒಂದು ಪದರದಲ್ಲಿ ಮೆಣಸಿನ ಕಾಳೂ ಇತ್ತು. ಖುಷಿಯಿಂದ ಬರೆದುಕೊಂಡೆ. ರಾತ್ರಿ ಮಲಗಿದ ಮೇಲೆ ಹೊಳೆಯಿತು, ಆ ಮಣ್ಣು 103ರ ಲೆಕ್ಕದಲ್ಲಿ ಇರಲೇ ಇಲ್ಲವಲ್ಲ! ಎದ್ದು ಹೋಗಿ ಹೊಡೆದು ಹಾಕಿದೆ. ಲೆಗ್ ಗಾರ್ಡಿನ ಕತೆಯೂ ಅಷ್ಟೇ. ಅದು ಅಪ್ಪ ಆಮೇಲೆ ಹಾಕಿಸಿದ್ದು.

ಫ್ರೇಮಿನಲ್ಲಿ ಬೇಡದ ಕಡೆ ಒಂಚೂರು ಗರಗಸ ಆಡಿಸೋಣ ಅಂತಿದ್ದೆ. ಅಕ್ಕನ ಮಗ ಎಂಜಿನಿಯರಿಂಗ್ ಓದುತ್ತಾನೆ. "ಮಾವ, ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಗೊತ್ತಾ? ಕಂಪನಿ ಕೊಟ್ಟಿದ್ದಕ್ಕೂ ಆರ್‌ಸಿಲಿ ಇರೋದಕ್ಕೂ ತಾಳೆ ಆಗದ ಹಾಗೆ ಗಾಡಿ ಬದಲಾಯಿಸೋ ಹಾಗಿಲ್ಲ," ಅಂದ. ಫ್ರೇಮು ಬಚಾವಾಯಿತು. "ಬೇಕಿದ್ರೆ ಸಣ್ಣ ಪುಟ್ಟ ಪಟ್ಟಿಗಳಿಗೆ ತೂತು ಹೊಡಿ. ರೇಸ್ ಗಾಡಿಗೆ ಹಾಗೇ ಮಾಡ್ತಾರೆ."

ಹೊಡೆದೆ. ಮೂರು ಸಂಜೆ ಕೂತು ನಲವತ್ತು ತೂತು. ಎರಡು ಡ್ರಿಲ್ ಬಿಟ್ ಮುರಿದವು. ಮೂರನೇ ದಿನ ಹುಡುಗ ಬಂದು ಲೆಕ್ಕ ಹಾಕಿದ. ಮೂರು ಮಿಲಿಮೀಟರ್ ದಪ್ಪದ ಉಕ್ಕಿನ ಪಟ್ಟಿಗೆ ಎಂಟು ಮಿಲಿಮೀಟರ್ ತೂತು ಹೊಡೆದರೆ ಹೋಗುವುದು ಒಂದು ಗ್ರಾಂ ಚಿಲ್ಲರೆ. ನಲವತ್ತು ತೂತಿಗೆ ಐವತ್ತು ಗ್ರಾಮೂ ಇಲ್ಲ. ನಮ್ಮನೆ ಕೋಳಿ ಅಷ್ಟು ತೂಕವನ್ನು ಒಂದೇ ಮೊಟ್ಟೆಯಲ್ಲಿ ಇಳಿಸುತ್ತದೆ. ಅದೂ ಡ್ರಿಲ್ ಇಲ್ಲದೆ.

ಹಾಗಾದರೆ ಅಲ್ಯೂಮಿನಿಯಮ್ಮೇ ಗತಿ. ಉಕ್ಕಿನ ಮೂರನೇ ಒಂದು ಭಾಗದಷ್ಟು ತೂಕ. ಸೀಟಿನ ಹಿಂಭಾಗವನ್ನು ರೇಸ್ ಗಾಡಿ ಥರ ತಗಡಲ್ಲಿ ತಟ್ಟಿ ಮಾಡೋದು ಅಂತ ತೀರ್ಮಾನಿಸಿದೆ. ಮರಳು ತುಂಬಿದ ಗೋಣಿಚೀಲದ ಮೇಲೆ ತಗಡು ಇಟ್ಟು ಮರದ ಕೊಡತಿಯಲ್ಲಿ ತಟ್ಟಬೇಕು. ತಟ್ಟುತ್ತಾ ತಟ್ಟುತ್ತಾ ತಗಡು ಗಡುಸಾಗುತ್ತದೆ. ಆಗ ಬೆಂಕಿ ಹಿಡಿದು ಮತ್ತೆ ಮೆತ್ತಗೆ ಮಾಡಿಕೊಳ್ಳಬೇಕು. ಇಲ್ಲೇ ಇರೋದು ಪೇಚಾಟ. ಕಬ್ಬಿಣ ಕಾದರೆ ಕೆಂಪಗಾಗಿ ಹೇಳುತ್ತದೆ, ಸಾಕು ಬಿಡಪ್ಪಾ ಅಂತ. ಅಲ್ಯೂಮಿನಿಯಂಗೆ ಆ ಸೌಜನ್ಯ ಇಲ್ಲ. ಬಣ್ಣ ಬದಲಾಯಿಸದೆ ಸುಮ್ನೆ ಕೂತಿದ್ದು, 660 ಡಿಗ್ರಿ ಮುಟ್ಟಿದ ತಕ್ಷಣ ಕರಗಿ ಇಳಿದುಬಿಡುತ್ತದೆ. ಅದಕ್ಕೇ ತಗಡಿನ ಕೆಲಸದವರು ಒಂದು ಉಪಾಯ ಮಾಡುತ್ತಾರೆ. ತಗಡಿನ ಮೇಲೆ ಸೋಪು ಉಜ್ಜುತ್ತಾರೆ. ಸೋಪು ಕಪ್ಪಗಾದರೆ ಬೆಂಕಿ ತೆಗಿ ಅಂತ ಅರ್ಥ.

ಬಚ್ಚಲಲ್ಲಿ ಇದ್ದಿದ್ದು ಮೈಸೂರು ಸ್ಯಾಂಡಲ್ ಸೋಪು. ಹೊಸದು, ಇನ್ನೂ ಅಂಚು ಸವೆದಿರಲಿಲ್ಲ. ತಗಡಿಗೆ ಚೆನ್ನಾಗಿ ಉಜ್ಜಿ ಗ್ಯಾಸ್ ಟಾರ್ಚ್ ಹಿಡಿದೆ. ಸೋಪು ಮೊದಲು ಹಳದಿಗೆ ತಿರುಗಿತು, ಆಮೇಲೆ ಕಂದು. ಕೊಟ್ಟಿಗೆ ತುಂಬಾ ಗಂಧದ ಹೊಗೆ. ಬೇಲಿಯಾಚೆಯಿಂದ ಪಕ್ಕದ ಮನೆ ಅಜ್ಜಿ ಕೇಳಿದರು, "ಏನಪ್ಪಾ, ಇವತ್ತು ಮನೇಲಿ ಪೂಜೆನಾ?"

ದೊಡ್ಡವರು ಮಾತಾಡಿಸಿದಾಗ ತಿರುಗಿ ನೋಡದೆ ಉತ್ತರ ಕೊಡಬಾರದು. ತಿರುಗಿದೆ. "ಇಲ್ಲ ಅಜ್ಜಿ, ಬೈಕು" ಅಂದೆ. ಅಷ್ಟು ಹೊತ್ತಿಗೆ ತಗಡಿನ ನಡುವೆ ಅಂಗೈ ಅಗಲದ ಕಿಟಕಿ.

ಎರಡನೇ ತಗಡು ತೂತಾಗಲಿಲ್ಲ, ಆದರೆ ರೇಸ್ ಗಾಡಿ ಥರ ಅಂದುಕೊಂಡಿದ್ದು ಮೊರದ ಥರ ಬಂತು. ಅದರಲ್ಲಿ ಈಗ ಕೋಳಿಗಳು ನೀರು ಕುಡಿಯುತ್ತವೆ. ಮೂರನೆಯದು ಕೂತಿತು. ಸೀಟಿನ ಸಮೇತ ಎರಡು ಕೆ.ಜಿ. ಉಳಿತಾಯ. ಬಚ್ಚಲಿಗೆ ಅಷ್ಟರಲ್ಲಿ ಮೂರು ಸೋಪು ಖರ್ಚು.

ಉಳಿದದ್ದೆಲ್ಲ ಬೇಗ ಬೇಗ ಆಯಿತು. ಬೇಗ ಬೇಗ ವಾಪಸ್ಸೂ ಬಂತು. ಹಿಂದಿನ ಮಡ್‌ಗಾರ್ಡ್ ಗಿಡ್ಡ ಮಾಡಿದೆ. ಮಳೆಯಲ್ಲಿ ಮದುವೆಮನೆಗೆ ಹೋದಾಗ ನನ್ನ ಬಿಳಿ ಅಂಗಿಯ ಬೆನ್ನಿಗೆ ಸೊಂಟದಿಂದ ಕತ್ತಿನವರೆಗೆ ಕೆಮ್ಮಣ್ಣಿನ ಪಟ್ಟೆ. ಡಬಲ್ ಸ್ಟ್ಯಾಂಡ್ ಬಿಚ್ಚಿದೆ. ಒದ್ದೆ ನೆಲದಲ್ಲಿ ಸೈಡ್ ಸ್ಟ್ಯಾಂಡ್ ಹೂತುಕೊಂಡು ಗಾಡಿ ಮಗುಚಿತು, ಅದೂ ಹೊಸ ತಗಡಿನ ಕಡೆಗೇ. ಸೀರೆ ಗಾರ್ಡ್ ಬಿಚ್ಚಿದೆ. ಹೆಂಡತಿ ಹಿಂದೆ ಕೂರುವುದನ್ನು ಬಿಟ್ಟಳು. ಅದು ಕಾನೂನಿನಲ್ಲೇ ಇರಬೇಕಾದ್ದು ಅಂತ ಹುಡುಗ ಬೇರೆ ಹೇಳಿದ. ಹೆಂಡತಿ, ಕಾನೂನು ಎರಡೂ ಒಂದೇ ಕಡೆ ನಿಂತ ಮೇಲೆ ಮಾಡೋದೇನು?

ಸೈಲೆನ್ಸರ್ ಬಗ್ಗೆ ಮಾತ್ರ ನನಗೆ ಭಾರೀ ಧೈರ್ಯ ಇತ್ತು. ಒಳಗೆ ಟೊಳ್ಳು ಇರೋ ಡಬ್ಬಕ್ಕೆ ಅಷ್ಟು ಉದ್ದ ಯಾಕೆ? ಗೇಟು ಮಾಡುವವನ ಹತ್ತಿರ ಸಣ್ಣ ಪೈಪು ಬೆಸೆಸಿಕೊಂಡೆ. ಪೆಟ್ರೋಲು ಲೀಟರಿಗೆ ಮುಕ್ಕಾಲು ಕೆ.ಜಿ. ತೂಗುತ್ತದೆ ಅಂತ ಒಂದೇ ಲೀಟರ್ ಹಾಕಿಸಿ ಬೆಟ್ಟಕ್ಕೆ ಹೊರಟೆ. ಶಬ್ದಕ್ಕೆ ಊರಿನ ನಾಯಿಗಳೆಲ್ಲ ಬೀಳ್ಕೊಟ್ಟವು. ಕೈಮರ ದಾಟಿದ್ದೇ ತಡ, ಗಾಡಿಗೆ ಎಳೆತವೇ ಇಲ್ಲ. ಮೂರನೇ ಗೇರಿಗೆ ಅಳು, ಎರಡಕ್ಕೆ ನರಳಾಟ, ಒಂದಕ್ಕೆ ಬರೀ ಗಲಾಟೆ. ಟೀ ಪುಡಿ ಮಾರುವ ಸ್ಕೂಟರು ನನ್ನನ್ನು ಹಿಂದೆ ಹಾಕಿತು. ಆಮೇಲೆ ಪೆಟ್ರೋಲೂ ಮುಗಿಯಿತು.

"ಟೂ ಸ್ಟ್ರೋಕ್‌ಗೆ ಸೈಲೆನ್ಸರ್ ಅಂದ್ರೆ ಬರೀ ಶಬ್ದ ತಡೆಯೋಕಲ್ಲ ಸಾರ್," ಅಂದರು ಪೇಟೆಯ ಹಳೇ ಮೆಕ್ಯಾನಿಕ್. "ಹೊಗೆ ಜೊತೆ ಹೊಸ ಪೆಟ್ರೋಲ್ ಗಾಳಿನೂ ಹೊರಗೆ ಓಡಿಹೋಗುತ್ತೆ. ಅದನ್ನ ವಾಪಸ್ ಒಳಗೆ ತಳ್ಳೋದು ಆ ಡಬ್ಬದ ಆಕಾರ. ನೀವು ದನ ಓಡಿಹೋಗದೆ ಇರಲಿ ಅಂತ ಹಾಕಿದ್ದ ಗೇಟನ್ನೇ ಕಿತ್ತಿದ್ದೀರಿ." ಸೈಲೆನ್ಸರ್ ವಾಪಸ್ ಬಂತು.

ಕೊನೆಗೆ ಒಂದು ದಿನ ಕಾಫಿ ಅಂಗಡಿಯ ತೂಕದ ಯಂತ್ರಕ್ಕೆ ಗಾಡಿ ಒಯ್ದೆ. ನಾನು ಗೆರೆ ಎಳೆದ ಪುಸ್ತಕದ ಪ್ರಕಾರ 98 ಬರಬೇಕಿತ್ತು. ನಿಜ ಹೇಳಬೇಕೆಂದರೆ 'ತೆಗೆದದ್ದು' ಬರೆಯಲು ಇದ್ದ ಉತ್ಸಾಹ 'ಹಾಕಿದ್ದು' ಬರೆಯುವಾಗ ಇರಲಿಲ್ಲ. ಯಂತ್ರದ ಮೇಲೆ ಇಡೀ ಬೈಕು ಹಿಡಿಸುವುದಿಲ್ಲ. ಹಿಂದಿನ ಚಕ್ರದ ಕೆಳಗೆ ಅಷ್ಟೇ ಎತ್ತರಕ್ಕೆ ಹಲಗೆ ಕೊಟ್ಟು ಮುಂದಿನ ಚಕ್ರ ತೂಗಿದೆವು, 46. ತಿರುಗಿಸಿ ಹಿಂದಿನದು ತೂಗಿದೆವು, 55. ಒಟ್ಟು 101. ನಾನು ಮೂಟೆಗಳಿಗೆ ಒರಗಿ ನಿಂತೆ. ನಾಲ್ಕು ತಿಂಗಳ ಕೆಲಸ.

ತೂಕದ ಹುಡುಗ ಕಿವಿಯಿಂದ ಪೆನ್ಸಿಲ್ ತೆಗೆದು ಚೀಟಿ ಬರೆದು ಕೈಗಿಟ್ಟ. ನೋಡಿದರೆ 99.

"ಎರಡು ತೂಕ, ಎರಡು ಚೀಲ. ಎರಡು ಕೆ.ಜಿ. ಕಳ್ದಿದ್ದೀನಿ ಅಣ್ಣ," ಅಂದ, ಅಭ್ಯಾಸಬಲದಿಂದ. ಹೇಳಿದವನು ಅರ್ಧ ಹೆಜ್ಜೆ ಹಿಂದೆಯೂ ಸರಿದ. ನನ್ನ ಜಗಳ ಅವನಿಗೆ ಹೊಸದಲ್ಲ.

ನಾನು ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡೆ. ಅವನಿಗೆ ಒಂದು ಕಾಫಿಯನ್ನೂ ಕೊಡಿಸಿದೆ.