ಕ್ಲಾಸು ಮುಗಿದ ಮೇಲೆ ಕೂಡ್ರುವ ಜಾಗ

ಯುಗಾದಿಯ ಮರುದಿನ ಊರಿಗೆ ವಿಡಿಯೋ ಕಾಲ್ ಮಾಡಿದ್ದೆ. ಬೇವು-ಬೆಲ್ಲ, ಹೋಳಿಗೆ, ಕಾಲುವೆಯ ನೀರು, ಬತ್ತದ ದರ, ಎಲ್ಲ ಮಾತಾಡಿ ಮುಗಿದ ಮೇಲೆ ಅಣ್ಣ ಫೋನನ್ನು ಮಗಳ ಕೈಗೆ ಕೊಟ್ಟ. ಆಕೆ ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಓದುತ್ತಿದ್ದಾಳೆ. ಮಾನ್ವಿ ತಾಲೂಕಿನ ನಮ್ಮ ಹಳ್ಳಿಯಿಂದ ಬೆಳಿಗ್ಗೆ ಏಳರ ಬಸ್ಸು ಹಿಡಿದು, ಕಲ್ಮಲಾ ದಾಟಿ ರಾಯಚೂರು ಕಡೆಗೆ ಹೋಗಿ, ಸಂಜೆ ದೀಪ ಹಚ್ಚುವ ಹೊತ್ತಿಗೆ ಮನೆ ಸೇರುವುದು ಅವಳ ದಿನಚರಿ. ಕ್ಲಾಸಿಲ್ಲದ ಹೊತ್ತಿನಲ್ಲಿ ಕ್ಯಾಂಪಸ್ಸಿನಲ್ಲಿ ಏನು ಮಾಡುತ್ತೀರಿ ಎಂದು ಸಹಜವಾಗಿ ಕೇಳಿದೆ.

“ಏನ್ ಮಾಡ್ತೀವಿ ಕಾಕಾ, ಕ್ಲಾಸ್ ಮುಗೀತಂದ್ರ ಸೀದಾ ಬಸ್‌ಸ್ಟ್ಯಾಂಡಿಗೆ ಬರ್ತೀವಿ. ಅಲ್ಲಿ ಕುಂದ್ರಾಕ ಎಲ್ಲೈತಿ ಜಾಗ?”

ಅವಳ ದನಿಯಲ್ಲಿ ದೂರು ಇರಲಿಲ್ಲ. ಬೇಸಿಗೆಯಲ್ಲಿ ಬಿಸಿಲಿರುತ್ತದೆ ಎನ್ನುವಷ್ಟು ಸಾದಾ ಮಾತಿನಂತೆ ಹೇಳಿ, ಅಡುಗೆಮನೆಯಿಂದ ಅತ್ತಿಗೆ ಕರೆದಳೆಂದು ಎದ್ದುಹೋದಳು. ನನಗೆ ಮಾತ್ರ ಆ ಪ್ರಶ್ನೆ ಮುಳ್ಳಿನ ಹಾಗೆ ಉಳಿಯಿತು. ಏಕೆಂದರೆ ಇಪ್ಪತ್ತು ವರ್ಷಗಳ ಹಿಂದೆ ನಾನು ರಾಯಚೂರಿನಲ್ಲಿ ಇಂಜಿನಿಯರಿಂಗ್ ಓದುವಾಗಲೂ ಇದೇ ಪ್ರಶ್ನೆಯಿತ್ತು, ಮತ್ತು ಅದನ್ನು ಯಾರೂ ಯಾರಿಗೂ ಕೇಳಿರಲಿಲ್ಲ.

ನಾನೀಗ ಇರುವುದು ಜರ್ಮನಿಯ ನೈಋತ್ಯ ಭಾಗದ ಕಾರ್ಲ್ಸ್‌ರೂಹೆಯಲ್ಲಿ. 1715ರಲ್ಲಿ ಅರಸನೊಬ್ಬ ಕಾಡಿನ ನಡುವೆ ಅರಮನೆ ಕಟ್ಟಿಸಲು ತೊಡಗಿ, ಅದರ ಗೋಪುರದಿಂದ ಬೀಸಣಿಗೆಯ ಕಡ್ಡಿಗಳಂತೆ ಬೀದಿಗಳನ್ನು ಎಳೆಸಿದ ಊರಿದು. ಅರಮನೆಯ ಪಕ್ಕಕ್ಕೇ ವಿಶ್ವವಿದ್ಯಾಲಯವಿದೆ. 1825ರಲ್ಲಿ ಪಾಲಿಟೆಕ್ನಿಕ್ ಆಗಿ ಹುಟ್ಟಿದ್ದು. ಅಣ್ಣನ ಮಗಳು ದಿನಾ ಪುಸ್ತಕದಲ್ಲಿ ನೋಡುವ ‘ಹರ್ಟ್ಸ್’ ಎಂಬ ಮಾನಕ್ಕೆ ಹೆಸರು ಕೊಟ್ಟ ಹೈನ್ರಿಖ್ ಹರ್ಟ್ಸ್ ವಿದ್ಯುತ್ಕಾಂತೀಯ ಅಲೆಗಳನ್ನು 1880ರ ದಶಕದಲ್ಲಿ ಪ್ರಯೋಗ ಮಾಡಿ ತೋರಿಸಿದ್ದು ಇಲ್ಲಿಯೇ. ನಾನು ಇಲ್ಲಿಗೆ ಮಾಸ್ಟರ್ಸ್ ಓದಲು ಬಂದದ್ದು 2009ರಲ್ಲಿ. ಮೊದಲ ವಾರ ಗ್ರಂಥಾಲಯದಲ್ಲಿ ಕೂತಿದ್ದೆ. ರಾತ್ರಿ ಒಂಬತ್ತಾಯಿತು, ಹತ್ತಾಯಿತು; ಯಾರೂ ಏಳಲಿಲ್ಲ. ಗಂಟೆ ಬಾರಿಸುವವರಿಲ್ಲ, ಕಿಟಕಿ ಮುಚ್ಚುತ್ತ ಬರುವವರಿಲ್ಲ. ಕೊನೆಗೆ ನಾನೇ ಅಳುಕುತ್ತ ಎದ್ದು ಹೋಗಿ, ಎಷ್ಟು ಹೊತ್ತಿಗೆ ಮುಚ್ಚುತ್ತೀರಿ ಎಂದು ಕಾವಲಿಗಿದ್ದವರನ್ನು ಕೇಳಿದೆ. “ಮುಚ್ಚುವುದಿಲ್ಲ” ಎಂದರು. 2006ರಿಂದ ಆ ಗ್ರಂಥಾಲಯ ಇಪ್ಪತ್ನಾಲ್ಕು ತಾಸೂ ತೆರೆದೇ ಇರುತ್ತಿತ್ತು ಎಂಬುದು ಆಮೇಲೆ ತಿಳಿಯಿತು. ಆ ರಾತ್ರಿ ಎರಡು ಗಂಟೆಯವರೆಗೆ, ಓದುವುದಕ್ಕೆ ಏನೂ ಉಳಿದಿರದಿದ್ದರೂ, ಸುಮ್ಮನೆ ಕೂತಿದ್ದೆ. ಎದ್ದೇಳು ಎಂದು ಯಾರೂ ಹೇಳದ ಒಂದು ಕುರ್ಚಿ ನನ್ನ ಬಾಳಿನಲ್ಲಿ ಅದೇ ಮೊದಲು.

ರಾಯಚೂರಿನಲ್ಲಿ ನಾನು ಪರೀಕ್ಷೆಗೆ ಓದಿದ್ದು ರೈಲು ನಿಲ್ದಾಣದಲ್ಲಿ. ಸ್ಟೇಷನ್ ರಸ್ತೆಯ ಹಿಂದಿನ ಒಂದು ರೂಮಿನಲ್ಲಿ ನಾಲ್ವರಿದ್ದೆವು. ಶಕ್ತಿನಗರದ ವಿದ್ಯುತ್ ಸ್ಥಾವರದ ಚಿಮಣಿಗಳು ಹತ್ತಿರದಲ್ಲಿಯೇ ಹೊಗೆ ಬಿಡುತ್ತಿದ್ದರೂ ನಮ್ಮ ರೂಮಿನ ಕರೆಂಟು ರಾತ್ರಿ ಹೋದರೆ ಯಾವಾಗ ಬರುವುದೆಂದು ಹೇಳುವಂತಿರಲಿಲ್ಲ. ಏಪ್ರಿಲ್-ಮೇ ತಿಂಗಳಿನಲ್ಲಿ ಫ್ಯಾನಿಲ್ಲದ ಆ ರೂಮಿನಲ್ಲಿ ಗೋಡೆ ಮುಟ್ಟಿದರೆ ಕೈ ಸುಡುತ್ತಿತ್ತು. ನಿಲ್ದಾಣದಲ್ಲಿ ಮಾತ್ರ ರಾತ್ರಿಯಿಡೀ ದೀಪ, ಕುಡಿಯಲು ನೀರು, ಒರಗಲು ಬೆಂಚು. ಮೂರು ರೂಪಾಯಿಯ ಪ್ಲಾಟ್‌ಫಾರ್ಮ್ ಟಿಕೆಟಿಗೆ ಎರಡು ತಾಸಿನ ಅವಧಿ. ಎರಡು ತಾಸಾದ ಮೇಲೆ ಒಬ್ಬನು ಹೋಗಿ ನಾಲ್ವರಿಗೂ ಮತ್ತೆ ಟಿಕೆಟ್ ತರುತ್ತಿದ್ದ. ಮುಂಬಯಿ ಕಡೆಯ ಗಾಡಿಗಳು, ಚೆನ್ನೈ ಕಡೆಯ ಗಾಡಿಗಳು ಬಂದು ಹೋಗುತ್ತಿದ್ದವು. ನಾವು ನೆಟ್‌ವರ್ಕ್ ಅನಾಲಿಸಿಸ್ ಓದುತ್ತಿದ್ದೆವು. ನಮ್ಮ ಕಾಲೇಜಿನ ಗ್ರಂಥಾಲಯವೆಂದರೆ ಕೌಂಟರಿನಲ್ಲಿ ಚೀಟಿ ಕೊಟ್ಟು ಎರಡು ಪುಸ್ತಕ ಪಡೆದು ಹೊರಬೀಳುವ ಜಾಗ; ಸಂಜೆ ಐದಕ್ಕೆ ಬೀಗ ಬೀಳುತ್ತಿತ್ತು. ಕ್ಲಾಸು ಬಿಟ್ಟ ಮೇಲೆ ಬೇವಿನ ಮರದ ಕೆಳಗಿನ ಕಟ್ಟೆಯಲ್ಲಿ ಐದಾರು ಜನ ಕೂತರೆ ಕಾವಲುಗಾರ ಬಂದು “ಇಲ್ಲ್ಯಾಕ ಕುಂತೀರಿ, ಕ್ಲಾಸಿಲ್ಲಂದ್ರ ಮನೀಗೆ ಹೋಗ್ರಿ” ಎನ್ನುತ್ತಿದ್ದ. ಅವನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೆ ಹಾಗೆ ಹೇಳಬೇಕೆಂದು ಮೇಲಿನವರು ಹೇಳಿದ್ದರು.

ನಾನು ತಡೆದು ನಿಂತು ನೋಡಬೇಕೆನ್ನುವುದು ಇಲ್ಲಿಯೇ. ನಮ್ಮ ಕಡೆ ವಿದ್ಯಾರ್ಥಿಯು ಕ್ಲಾಸಿನಲ್ಲಿ ಕೂಡ್ರುವುದು ಕಡ್ಡಾಯ; ನೂರಕ್ಕೆ ಎಪ್ಪತ್ತೈದು ಹಾಜರಾತಿ ಇಲ್ಲದಿದ್ದರೆ ಹಾಲ್ ಟಿಕೆಟ್ ಸಿಗುವುದಿಲ್ಲ. ಆದರೆ ಗಂಟೆ ಬಾರಿಸಿದ ಮರುಕ್ಷಣದಿಂದ ಅದೇ ವಿದ್ಯಾರ್ಥಿ ಅದೇ ಆವರಣದಲ್ಲಿ ಕೂತಿದ್ದರೆ ಅದು ಅನುಮಾನಕ್ಕೆ ಕಾರಣ. ಗಂಡುಹುಡುಗ ಕೂತಿದ್ದರೆ ಉಡಾಳ, ಹೆಣ್ಣುಹುಡುಗಿ ಕೂತಿದ್ದರೆ ಅದಕ್ಕಿಂತ ಕೆಟ್ಟ ಮಾತು. ಕಾರ್ಲ್ಸ್‌ರೂಹೆಯಲ್ಲಿ ಇದು ತಿರುಗುಮುರುಗು. ಉಪನ್ಯಾಸಗಳಿಗೆ ಹೆಚ್ಚಿನ ಕಡೆ ಹಾಜರಿ ತೆಗೆದುಕೊಳ್ಳುವುದಿಲ್ಲ. ಬಂದರೆ ಬಂದ, ಬಿಟ್ಟರೆ ಬಿಟ್ಟ. ಆದರೆ ಉಪನ್ಯಾಸ ಮುಗಿದ ಮೇಲೆ ಮೆನ್ಸಾ ಎಂದು ಕರೆಯುವ ಊಟದ ಮನೆಯಲ್ಲಿ, ಹುಲ್ಲಿನ ಮೇಲೆ, ಮೆಟ್ಟಿಲುಗಳ ಮೇಲೆ, ಗ್ರಂಥಾಲಯದ ಐದಾರು ಜನರ ಕೋಣೆಗಳಲ್ಲಿ ಅವರು ಇದ್ದೇ ಇರುತ್ತಾರೆ. ಲೆಕ್ಕ ಬಿಡಿಸುತ್ತಾರೆ, ಜಗಳವಾಡುತ್ತಾರೆ, ಎಷ್ಟೋ ಸಲ ಏನೂ ಮಾಡುವುದಿಲ್ಲ.

ಈ ಅಂತರ ಅಂಕಪಟ್ಟಿಯ ಲೆಕ್ಕದಲ್ಲಿಯೂ ಇದೆ ಎಂಬುದು ನನಗೆ ಹೊಳೆದದ್ದು ತಡವಾಗಿ. ಎರಡೂ ಕಡೆ ಈಗ ಕ್ರೆಡಿಟ್ ಪದ್ಧತಿಯೇ. ನಮ್ಮಲ್ಲಿ ಸಾಮಾನ್ಯವಾಗಿ ವಾರಕ್ಕೆ ಒಂದು ತಾಸಿನ ಪಾಠವಾದರೆ ಒಂದು ಕ್ರೆಡಿಟ್, ಪ್ರಯೋಗವಾದರೆ ಎರಡು ತಾಸಿಗೆ ಒಂದು. ಅಂದರೆ ಎಣಿಕೆಗೆ ಸಿಗುವುದು ಮೇಷ್ಟ್ರು ಎದುರಿಗಿರುವ ಹೊತ್ತು ಮಾತ್ರ. ಜರ್ಮನಿಯಲ್ಲಿ ಒಂದು ಕ್ರೆಡಿಟ್ಟಿಗೆ ಸುಮಾರು ಮೂವತ್ತು ತಾಸಿನ ದುಡಿಮೆ ಎಂದು ಹಿಡಿಯುತ್ತಾರೆ; ಸೆಮಿಸ್ಟರಿಗೆ ಮೂವತ್ತು ಕ್ರೆಡಿಟ್, ಹಾಗಾಗಿ ಒಂಬೈನೂರು ತಾಸು. ಆ ಒಂಬೈನೂರರಲ್ಲಿ ದೊಡ್ಡ ಪಾಲು ವಿದ್ಯಾರ್ಥಿ ತಾನೇ ಕೂತು ಓದುವ, ಬರೆಯುವ, ಗೆಳೆಯರೊಂದಿಗೆ ಚರ್ಚಿಸುವ ಹೊತ್ತು. ಕೂತು ಓದುವುದನ್ನು ಎಣಿಸಿದವರು ಕೂಡ್ರುವುದಕ್ಕೆ ಜಾಗವನ್ನೂ ಯೋಚಿಸಬೇಕಾಯಿತು. ನಾವು ಎಣಿಸಲಿಲ್ಲ, ಜಾಗವನ್ನೂ ಯೋಚಿಸಲಿಲ್ಲ.

ಇಂಥ ಜಾಗಕ್ಕೆ ಹಣವಿಲ್ಲ ಎಂಬ ಮಾತನ್ನು ನಾನು ಪೂರ್ತಿ ಒಪ್ಪಲಾರೆ. ನಾನು ಓದುವಾಗ ನಮ್ಮ ಭಾಗಕ್ಕೆಲ್ಲ ದೂರದ ಗುಲಬರ್ಗಾ ವಿಶ್ವವಿದ್ಯಾಲಯವೊಂದೇ ದೊಡ್ಡ ಹೆಸರು. ಆಮೇಲೆ 2008ರಲ್ಲಿ ರಾಯಚೂರಿಗೆ ಕೃಷಿ ವಿಶ್ವವಿದ್ಯಾಲಯ, 2010ರಲ್ಲಿ ಬಳ್ಳಾರಿಗೆ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ, 2019ರಲ್ಲಿ ರಾಯಚೂರಿಗೆ ಐಐಐಟಿ, ಈಚೆಗೆ ರಾಯಚೂರಿಗೂ ಕೊಪ್ಪಳಕ್ಕೂ ಸ್ವಂತ ವಿಶ್ವವಿದ್ಯಾಲಯಗಳು ಬಂದವು. ಸಂವಿಧಾನದ 371ಜೆ ವಿಧಿ ಬಂದು ನಮ್ಮ ಭಾಗದ ಮಕ್ಕಳಿಗೆ ಇಲ್ಲಿನ ಸೀಟುಗಳಲ್ಲಿ ನೂರಕ್ಕೆ ಎಪ್ಪತ್ತು ಮೀಸಲಾಯಿತು. ಇವು ಸಣ್ಣ ಮಾತುಗಳಲ್ಲ. ನಮ್ಮ ತಂದೆಯವರ ಕಾಲದವರು ಕನಸಿನಲ್ಲಿಯೂ ಕಾಣದವು. ಆದರೆ ನಮ್ಮ ಕಡೆ ಹೊಸ ಕಟ್ಟಡದ ನಕ್ಷೆ ಬರೆಯುವಾಗ ಕ್ಲಾಸ್‌ರೂಮು, ಪ್ರಯೋಗಾಲಯ, ಆಡಳಿತ ವಿಭಾಗ, ಸಭಾಂಗಣ ಎಲ್ಲ ಬರುತ್ತವೆ. ಎರಡು ಕ್ಲಾಸುಗಳ ನಡುವಿನ ಮೂರು ತಾಸನ್ನು ಒಬ್ಬ ಹುಡುಗಿ ಎಲ್ಲಿ ಕಳೆಯಬೇಕು ಎಂಬುದು ಬರುವುದಿಲ್ಲ. ನಾಲ್ಕು ಬೇವಿನ ಗಿಡ, ಅವುಗಳ ಸುತ್ತ ಕಟ್ಟೆ, ಒಂದು ಫ್ಯಾನಿರುವ ಕೋಣೆ, ಸ್ವಚ್ಛವಾದ ಶೌಚಾಲಯ: ಇದಕ್ಕೆ ಎಷ್ಟು ಹಣ ಬೇಕು?

ಕೇಳುವವರಿಲ್ಲ ಎಂಬುದು ಇನ್ನೊಂದು ಕಾರಣ ಇರಬಹುದು. ಕರ್ನಾಟಕದಲ್ಲಿ ವಿದ್ಯಾರ್ಥಿ ಸಂಘಗಳ ಚುನಾವಣೆ ನಿಂತು ಮೂರು ದಶಕ ದಾಟಿದೆ. ಗಲಾಟೆ, ಹೊಡೆದಾಟ ಎಂಬ ಕಾರಣಕ್ಕೆ ನಿಲ್ಲಿಸಿದರು; ಆ ಕಾರಣ ಸುಳ್ಳಲ್ಲ. ಕಾರ್ಲ್ಸ್‌ರೂಹೆ ಇರುವ ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯದಲ್ಲಿಯೂ ಸರಕಾರ 1977ರಲ್ಲಿ ವಿದ್ಯಾರ್ಥಿಗಳ ಶಾಸನಬದ್ಧ ಸಂಘವನ್ನು ರದ್ದು ಮಾಡಿತ್ತು. ಇಲ್ಲಿನ ವಿದ್ಯಾರ್ಥಿಗಳು ತಮ್ಮದೇ ಸ್ವತಂತ್ರ ಸಮಿತಿ ಇಟ್ಟುಕೊಂಡು ಮೂವತ್ತೈದು ವರ್ಷ ಕೇಳುತ್ತಲೇ ಇದ್ದು, 2012ರಲ್ಲಿ ಅದನ್ನು ಕಾನೂನಿನಲ್ಲಿ ಮರಳಿ ಪಡೆದರು. ನಾನು ಓದುವಾಗ ಆ ಸಮಿತಿಯವರು ಹಳೆಯ ಪ್ರಶ್ನೆಪತ್ರಿಕೆಗಳನ್ನು ಹಂಚುವುದರಿಂದ ಹಿಡಿದು ಬಾಡಿಗೆ ಮನೆಯ ತಕರಾರಿಗೆ ಸಲಹೆ ಕೊಡುವವರೆಗೆ ಎಲ್ಲ ನೋಡಿಕೊಳ್ಳುತ್ತಿದ್ದರು. ಅಣ್ಣನ ಮಗಳಿಗೆ ಒಂದು ಬೆಂಚು ಬೇಕೆಂದರೆ ಯಾರನ್ನು ಕೇಳಬೇಕು? ವಿಭಾಗದ ಮುಖ್ಯಸ್ಥರನ್ನು ಕೇಳಿದರೆ ಇಂಟರ್ನಲ್ ಅಂಕದ ಹೆದರಿಕೆ.

ನಮ್ಮ ಹುಡುಗರು ಕೂಡ್ರಲು ಒಲ್ಲದವರಲ್ಲ. ಜಿಲ್ಲಾ ಕೇಂದ್ರ ಗ್ರಂಥಾಲಯಕ್ಕೆ ಯಾವಾಗಾದರೂ ಹೋಗಿ ನೋಡಿ: ಪಿಎಸ್‌ಐ, ಪಿಡಿಒ, ಎಫ್‌ಡಿಎ ಪರೀಕ್ಷೆಗೆ ಓದುವವರು ಸ್ವಂತ ಪುಸ್ತಕ ತಂದು, ಬರೀ ಕುರ್ಚಿಗಾಗಿ, ಬಾಗಿಲು ತೆರೆಯುವ ಮೊದಲೇ ಬಂದು ನಿಂತಿರುತ್ತಾರೆ. ಧಾರವಾಡದ ಸಪ್ತಾಪುರದ ಕಡೆಗೆ ಹೋದರೆ ತಿಂಗಳ ಬಾಡಿಗೆ ಕೊಟ್ಟು ಒಂದು ಮೇಜು, ಒಂದು ಕುರ್ಚಿ ಹಿಡಿಯುವ ರೀಡಿಂಗ್ ರೂಮುಗಳೇ ಇವೆ. ಪದವಿ ಮುಗಿದ ಮೇಲೆ ದುಡ್ಡು ಕೊಟ್ಟು ಕೊಳ್ಳುವ ಆ ಕುರ್ಚಿಯನ್ನು ಪದವಿ ಓದುವಾಗಲೇ ವಿಶ್ವವಿದ್ಯಾಲಯ ಯಾಕೆ ಕೊಡಬಾರದು?

ಇಷ್ಟು ಬರೆದು, ಎರಡು ದಿನ ಬಿಟ್ಟು ಮತ್ತೆ ಓದಿದೆ. ಕಾರ್ಲ್ಸ್‌ರೂಹೆಯ ಬಗ್ಗೆ ಹೇಳದೆ ಬಿಟ್ಟ ಕೆಲವು ಸಂಗತಿಗಳು ಮನಸ್ಸನ್ನು ಚುಚ್ಚಿದವು. ಆ ಕುರ್ಚಿಯಲ್ಲಿ ನಾನು ಮೊದಲ ಚಳಿಗಾಲವಿಡೀ ಕೂತಿದ್ದೆ. ನಾಲ್ಕು ತಿಂಗಳು ಎದುರಿನ ಕುರ್ಚಿಯವರು ಒಬ್ಬರೂ ನನ್ನ ಹೆಸರು ಕೇಳಲಿಲ್ಲ. ಡಿಸೆಂಬರಿನಲ್ಲಿ ನಾಲ್ಕೂವರೆಗೆ ಕತ್ತಲಾಗುತ್ತಿತ್ತು. ನನ್ನ ಪ್ರಾಧ್ಯಾಪಕರಿಗೆ ನಾನು ಒಂದು ನೋಂದಣಿ ಸಂಖ್ಯೆ. ರೂಮಿನಲ್ಲಿ ಜ್ವರ ಬಂದು ಮೂರು ದಿನ ಮಲಗಿದಾಗ ಯಾರಿಗೂ ತಿಳಿಯಲಿಲ್ಲ; ರಾಯಚೂರಿನಲ್ಲಾಗಿದ್ದರೆ ಅರ್ಧ ದಿನಕ್ಕೆ ಯಾರಾದರೂ ಗಂಜಿ ತರುತ್ತಿದ್ದರು. ಆ ಕುರ್ಚಿ ಪುಕ್ಕಟೆಯೂ ಅಲ್ಲ. 2017ರಿಂದ ಈ ರಾಜ್ಯದಲ್ಲಿ ಯುರೋಪಿನ ಹೊರಗಿನಿಂದ ಬರುವ ವಿದ್ಯಾರ್ಥಿಗಳು ಸೆಮಿಸ್ಟರಿಗೆ 1500 ಯುರೋ ಶುಲ್ಕ ಕಟ್ಟಬೇಕು. ನಮ್ಮಂಥ ಮನೆಯ ಹುಡುಗರಿಗೆ ಅದು ಹೊಲ ಅಡವಿಡುವ ಮಾತು.

ಹುಡುಗಿಯರ ವಿಷಯದಲ್ಲಿ ಊರಿನ ಬಗ್ಗೆ ಇನ್ನೊಂದನ್ನು ಒಪ್ಪಿಕೊಳ್ಳಬೇಕು. ನನ್ನ ಅಕ್ಕ ಪಿಯುಸಿಯಲ್ಲಿ ಒಳ್ಳೆಯ ಅಂಕ ತೆಗೆದಿದ್ದರೂ ಮುಂದೆ ಓದಲಿಲ್ಲ. ದಿನದ ಬಸ್ ಚಾರ್ಜು ಮನೆಗೆ ಹೊರೆ ಎಂದು ಅಪ್ಪ ಬಿಡಿಸಿದರು. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸು ಉಚಿತವಾದ ಮೇಲೆ, ಏಳರ ಬಸ್ಸಿನಲ್ಲಿ ಕಾಲೇಜಿಗೆ ಹೋಗುವವರು ಬಹುಪಾಲು ಹುಡುಗಿಯರೇ ಎಂದು ಅಣ್ಣ ಹೇಳುತ್ತಾನೆ. ಬಾಡೆನ್ ಪ್ರಾಂತದವರು ಜರ್ಮನಿಯಲ್ಲಿ ಎಲ್ಲರಿಗಿಂತ ಮೊದಲು ಹೆಣ್ಣುಮಕ್ಕಳನ್ನು ವಿಶ್ವವಿದ್ಯಾಲಯಕ್ಕೆ ಪೂರ್ಣವಾಗಿ ಸೇರಿಸಿಕೊಂಡದ್ದು 1900ರಲ್ಲಿ. ಅವರಿಗೆ ಕುರ್ಚಿ ಸಿಕ್ಕು ನೂರು ವರ್ಷ ದಾಟಿದೆ. ನಮ್ಮ ಹಳ್ಳಿಯ ಹುಡುಗಿಯರು ಇಷ್ಟು ಸಂಖ್ಯೆಯಲ್ಲಿ ಮನೆಯಿಂದ ಹೊರಬಿದ್ದು ಇನ್ನೂ ಕೆಲವೇ ವರ್ಷ. ಈ ಅವಸರ ನನ್ನದು, ದೂರದಲ್ಲಿರುವವನದು.

ಹೋದ ವಾರ ಮತ್ತೆ ಫೋನು ಮಾಡಿ, ನಿನ್ನ ಮಾತಿನಿಂದ ನಿದ್ದೆ ಕೆಟ್ಟಿತು ಎಂದೆ. ಆಕೆಗೆ ತಾನು ಹೇಳಿದ್ದೇ ಮರೆತಿತ್ತು. “ಅಯ್ಯ ಕಾಕಾ, ನಮಗ ಬಸ್ಸಿನ್ಯಾಗ ಜಾಗ ಐತಲ್ರಿ” ಎಂದು, ಆಮೇಲೆ ಒಂದು ಫೋಟೋ ಕಳಿಸಿದಳು. ಬಸ್ಸಿನ ಹಿಂದಿನ ಉದ್ದ ಸೀಟಿನಲ್ಲಿ ಆರು ಜನ ಹುಡುಗಿಯರು. ತೊಡೆಯ ಮೇಲೆ ಬುತ್ತಿಯ ಡಬ್ಬಿಗಳು, ಒಂದರಲ್ಲಿ ರೊಟ್ಟಿ, ಒಂದರಲ್ಲಿ ಪುಂಡಿಪಲ್ಯ, ಇನ್ನೊಂದರಲ್ಲಿ ಶೇಂಗಾ ಹಿಂಡಿ. ನಡುವಿನವಳ ಕೈಯಲ್ಲಿ ಕ್ವಾಂಟಂ ಮೆಕ್ಯಾನಿಕ್ಸ್‌ನ ನೋಟ್ಸು, ಉಳಿದ ಐವರು ಅದರ ಮೇಲೆ ಬಗ್ಗಿದ್ದಾರೆ. ಹೋಗುವಾಗ ಒಂದೂವರೆ ತಾಸು, ಬರುವಾಗ ಒಂದೂವರೆ ತಾಸು; ಇಂಟರ್ನಲ್ಸ್‌ಗೆ ಅವರು ಓದುವುದು ಅಲ್ಲಿಯೇ ಅಂತೆ. ಒಬ್ಬಳು ಬರುವುದು ತಡವಾದರೆ ಕಂಡಕ್ಟರ್ ಎರಡು ನಿಮಿಷ ಗಾಡಿ ನಿಲ್ಲಿಸಿಕೊಳ್ಳುತ್ತಾನಂತೆ. ಆ ನಾಲ್ಕು ತಿಂಗಳ ಚಳಿಗಾಲದಲ್ಲಿ ನನಗೆ ಇಂಥದ್ದೊಂದು ಸೀಟು ಸಿಕ್ಕಿದ್ದರೆ ಕುರ್ಚಿ ಬಿಟ್ಟು ಎದ್ದುಹೋಗುತ್ತಿದ್ದೆ.

ಆದರೂ ಕೇಳಿದೆ: ಬಸ್ಸು ಕೆಟ್ಟು ನಿಂತ ದಿನ ಏನು ಮಾಡುತ್ತೀರಿ? “ಸ್ಟ್ಯಾಂಡಿನ್ಯಾಗ ನಿಂದರ್ತೀವಿ” ಎಂದಳು.