ಬಾವಿ ತೋಡಿಸಿದ ಅರಬ್ ವ್ಯಾಪಾರಿ ಮತ್ತು ನಮ್ಮೂರ ಅರವಟ್ಟಿಗೆ

ಸಿಂಗಾಪುರಕ್ಕೆ ಬಂದ ಹೊಸದ್ರಲ್ಲಿ ಅಲ್ಜುನೈದ್ ಅಂದ್ರೆ ನನಗೆ ಒಂದು ಎಂಆರ್‌ಟಿ ಮೆಟ್ರೋ ಸ್ಟೇಷನ್ ಅಷ್ಟೇ, ದಿನಾ ಅದನ್ನ ದಾಟ್ಕೊಂಡೇ ಆಫೀಸಿಗೆ ಹೋಗ್ತಿದ್ದೆ, ಅದು ಒಂದು ಮನೆತನದ ಹೆಸರು ಅಂತ ತಿಳಿದಿದ್ದು ಎಷ್ಟೋ ವರ್ಷ ಆದ್ಮೇಲೆ.

ಯೆಮನ್‌ನ ಹದ್ರಮೌತ್ ಸೀಮೆ ತರೀಮ್ ಊರಿನವ್ರು ಸೈಯದ್ ಒಮರ್ ಅಲ್ಜುನೈದ್. ಸುಮಾತ್ರಾದ ಪಾಲೆಂಬಾಂಗ್‌ನಲ್ಲಿ ವ್ಯಾಪಾರ ಮಾಡ್ಕೊಂಡಿದ್ರು, 1819ರಲ್ಲಿ ಬ್ರಿಟಿಷರು ಸಿಂಗಾಪುರದಲ್ಲಿ ಕೋಠಿ ಹಾಕಿದ್ದೇ ತಡ ಚಿಕ್ಕಪ್ಪನ ಜೊತೆ ಬಂದು ನೆಲೆ ನಿಂತ್ರು, 1820ರಲ್ಲೇ ನದಿ ಪಕ್ಕದ ಕಂಪೋಂಗ್ ಮಲಾಕಾದಲ್ಲಿ ಮರದ ಮಸೀದಿ ಕಟ್ಟಿಸಿದ್ರು. ಸಿಂಗಾಪುರದ ಮೊದಲ ಮಸೀದಿ ಅದು. 1855ರಲ್ಲಿ ಅವರ ಮಗ ಇಟ್ಟಿಗೇಲಿ ಮತ್ತೆ ಕಟ್ಟಿಸಿದ್ರು, ಇವತ್ತಿಗೂ ನಮಾಜ್ ನಡೀತಿದೆ.

ಆದ್ರೆ ನನ್ನ ಮನಸ್ಸಲ್ಲಿ ಕೂತಿರೋದು ಮಸೀದಿ ಅಲ್ಲ, ಬಾವಿಗಳು. ಅದೇ ಮನೆತನದ ಸೈಯದ್ ಅಲಿ ಅಂತ ಒಬ್ರು, ಊರಲ್ಲಿ ಕುಡಿಯೋ ನೀರಿಗೆ ಪರದಾಟ ಇದ್ದಾಗ ಸೆಲೆಗಿ ರೋಡ್, ತೆಲೋಕ್ ಆಯರ್ ಹೀಗೆ ನಾಲ್ಕು ಕಡೆ ಸಾರ್ವಜನಿಕ ಬಾವಿ ತೋಡಿಸಿದ್ರು. ಊರಿಗೆ ಮೊದಲ ಜಲಾಶಯ ಮುಗಿದಿದ್ದೇ 1868ರಲ್ಲಿ, ಅಂದ್ರೆ ಅಲ್ಲೀತನಕ ಜನಕ್ಕೆ ಇಂಥ ಬಾವಿಗಳೇ ಗತಿ. ಚೀನಿ ವ್ಯಾಪಾರಿ ಟಾನ್ ಕಿಮ್ ಸೆಂಗ್ 1857ರಲ್ಲಿ ನೀರು ಸರಬರಾಜಿಗೆ ಅಂತ 13,000 ಡಾಲರ್ ಕೊಟ್ರು, ಅವರ ನೆನಪಿಗೆ 1882ರಲ್ಲಿ ಕಾರಂಜಿ ನಿಲ್ಸಿದ್ರು, ಈಗ್ಲೂ ಇದೆ. ಸೈಯದ್ ಅಲಿ ಬಾವಿ ಹುಡ್ಕೊಂಡು ಸೆಲೆಗಿ ರೋಡ್‌ನಲ್ಲಿ ನಾನು ಒಂದು ಭಾನುವಾರ ಪೂರ್ತಿ ಓಡಾಡಿದೀನಿ, ಕಂಡಿದ್ದು ಅಂಗಡಿ, ಬಸ್ಸು ಅಷ್ಟೇ. ಬಡ ಚೀನೀಯರಿಗೆ ಅಂತ ಶುರುವಾದ ಟಾನ್ ಟಾಕ್ ಸೆಂಗ್ ಆಸ್ಪತ್ರೆಗೂ ಈ ಮನೆತನ ಜಾಗ ಕೊಟ್ಟಿದೆ, ಹೆಸರು ಚೀನಿ ವ್ಯಾಪಾರೀದು, ನೆಲ ಅರಬ್ಬರದು, ನನಗೆ ಇದೇ ತುಂಬಾ ದೊಡ್ಡದಾಗಿ ಕಾಣೋದು.

ನಮ್ಮಲ್ಲಿ ಇಂಥ ದಾನ ಇರ್ಲಿಲ್ವಾ ಅಂದ್ರೆ ಖಂಡಿತ ಇತ್ತು. ಗುಬ್ಬಿ ತೋಟದಪ್ಪನವರೂ ವ್ಯಾಪಾರಿನೇ ತಾನೆ, ಬೆಂಗಳೂರು ರೈಲ್ವೆ ಸ್ಟೇಷನ್ ಎದುರು ಕಟ್ಟಿಸಿದ ಛತ್ರ ಈಗ್ಲೂ ಹೆಸರುವಾಸಿ. ನಮ್ಮೂರಲ್ಲಿ ಬೇಸಿಗೆ ಬಂದ್ರೆ ಅರಳಿಕಟ್ಟೆ ಹತ್ರ ಅರವಟ್ಟಿಗೆ ಇಡೋರು, ಮಣ್ಣಿನ ಗಡಿಗೇಲಿ ನೀರು, ರಾಮನವಮಿಗೆ ಪಾನಕ, ಮಜ್ಜಿಗೆ, ಇಟ್ಟವರು ಯಾರು ಅಂತ ಕೇಳೋ ಪದ್ಧತಿನೇ ಇರ್ಲಿಲ್ಲ. ಈಗ ಅದೇ ಜಾಗದಲ್ಲಿ ಸ್ಟೀಲ್ ಡ್ರಮ್ಮು, ಅದಕ್ಕೊಂದು ನಲ್ಲಿ ಬಂದಿದೆ, ಮೇಲೆ ದಾನಿ ಹೆಸರು ಅಪ್ಪನ ಹೆಸರು ಅಜ್ಜನ ಹೆಸರು ಎಲ್ಲಾ ಇದೆ, ಹೋದ ಸಲ ರಜೆಗೆ ಹೋದಾಗ ನೀರು ಬರ್ತಿರ್ಲಿಲ್ಲ, ನೋಡಿ ಹೊಟ್ಟೆ ಉರೀತು. ದಾನಿಗಳು ಕಟ್ಟಿಸಿದ ವಿದ್ಯಾರ್ಥಿ ಹಾಸ್ಟೆಲ್‌ಗಳದೂ ಅಷ್ಟೇ, ಒಂದೊಂದು ಜಾತಿಗೆ ಒಂದೊಂದು, ಅದ್ರಿಂದ ಎಷ್ಟೋ ಹಳ್ಳಿ ಮಕ್ಕಳು ಓದಿದಾರೆ ಅನ್ನೋದು ನಿಜ, ಆದ್ರೆ ಪಕ್ಕದ ಕೇರಿ ಹುಡುಗನಿಗೆ ಬಾಗಿಲು ತೆಗೆಯೋಕೆ ಎಷ್ಟು ಜನಕ್ಕೆ ಮನಸ್ಸು ಬಂತು?

ಅಲ್ಜುನೈದರೂ ತಮ್ಮೋರಿಗೆ ಮಸೀದಿ, ಮದರಸಾ ಮಾಡಿದಾರೆ, ಅದು ತಪ್ಪಲ್ಲ, ಎಲ್ರೂ ಮೊದಲು ತಮ್ಮೋರನ್ನೇ ನೋಡ್ಕೊಳ್ಳೋದು. ಅಲ್ಲಿಗೇ ನಿಲ್ಲಿಸ್ಲಿಲ್ಲ ಅನ್ನೋದನ್ನ ನಾನು ಹೇಳ್ತಿರೋದು. ಬಾವಿ ಕಟ್ಟೆ ಮೇಲೆ ಮಲಯರು, ಚೀನೀಯರು, ತಮಿಳು ಕೂಲಿಗಳು ಎಲ್ಲಾ ಒಟ್ಟಿಗೆ ನೀರು ಸೇದಿರ್ತಾರೆ ಅಂತ ಅಂದ್ಕೊಂಡಾಗ್ಲೆಲ್ಲಾ ಮನಸ್ಸು ತುಂಬಿ ಬರತ್ತೆ.

ಮುಂದಿನ ತಿಂಗಳು ಅಪ್ಪ ಅಮ್ಮ ಬರ್ತಿದಾರೆ. ಕಾರಂಜಿ, ಆ ಸಣ್ಣ ಮಸೀದಿ ಎರಡೂ ತೋರಿಸಿ, ಆಮೇಲೆ ಸೆಲೆಗಿ ರೋಡ್‌ಗೆ ಕರ್ಕೊಂಡು ಹೋಗಿ ಇಲ್ಲೇ ಎಲ್ಲೋ ಒಂದು ಬಾವಿ ಇತ್ತಪ್ಪಾ ಅಂತ ಹೇಳ್ಬೇಕು.