ಬೀಗರೂಟದಲ್ಲಿ ಕೂದಲೆಣ್ಣೆ ಪುರಾಣ

ಮಂಡ್ಯ ಹತ್ತಿರ ಒಂದು ಬೀಗರೂಟಕ್ಕೆ ಹೋಗಿ ಈಗಷ್ಟೇ ಮನೆಗೆ ಬಂದೆ. ಮುದ್ದೆ, ಬೋಟಿ ಗೊಜ್ಜು ಎಲ್ಲಾ ಚೆನ್ನಾಗಿತ್ತು. ಕೆಟ್ಟಿದ್ದು ನನ್ನ ತಲೆ ಮಾತ್ರ.

ಎದುರು ಸಾಲಿನಲ್ಲಿ ಒಬ್ಬ ಹುಡುಗ. ಇನ್ನೂ ಮದುವೆಯಾಗಿಲ್ಲ. ಹಣೆ ಎರಡೂ ಕಡೆ ಹಿಂದಕ್ಕೆ ಸರಿದಿದೆ, ನೆತ್ತಿ ತೆಳುವಾಗಿದೆ. ಪಕ್ಕದಲ್ಲೇ ಅವನ ಅಪ್ಪನ ತಲೆ ಫಳಫಳ ಹೊಳೆಯುತ್ತಿದೆ. ಅದನ್ನು ಮಾತ್ರ ಯಾರೂ ನೋಡಲಿಲ್ಲ! "ಬೋರ್ ನೀರು ಕಣ್ಲಾ ಮಗ" ಅಂದರು ಒಬ್ಬರು. "ಈರುಳ್ಳಿ ರಸ ತಿಕ್ಕು" ಅಂದರು ಇನ್ನೊಬ್ಬರು. ಮತ್ತೊಬ್ಬರು ಫೋನ್ ತೆಗೆದು ಹುಣಸೂರು ಕಡೆಯ ಕೂದಲೆಣ್ಣೆಯ ವಿಡಿಯೊ ತೋರಿಸಿದರು. ಹುಡುಗ ಮೆಲ್ಲಗೆ "ಡಾಕ್ಟ್ರತ್ರ ಹೋಗನ ಅಂತಿದ್ದೆ ದೊಡ್ಡಪ್ಪ" ಅಂದ. "ಆ ಮಾತ್ರೆ ತಿಂದ್ರೆ ಮಕ್ಕಳಾಗಲ್ಲ ಕಣ್ಲಾ, ಸುಮ್ನಿರು!" ಮುಗೀತು ಕಥೆ.

"ನಿಂಗೇನಪ್ಪ, ಮೆಡಿಕಲ್ ಶಾಪ್ ಇಟ್ಟಿದೀಯ, ಮಾತ್ರೆ ಪರ ಮಾತಾಡ್ತೀಯ" ಅಂತ ಶುರು ಮಾಡಬೇಡಿ. ನನ್ನ ಅಂಗಡಿಯಲ್ಲಿ ಎಣ್ಣೆಗೇ ಒಂದು ಇಡೀ ರ‍್ಯಾಕ್ ಇದೆ. ಜಾಸ್ತಿ ಓಡುವುದೂ ಅದೇ. ಬಾಯಿ ಮುಚ್ಚಿಕೊಂಡಿದ್ದರೆ ನನಗೇ ಲಾಭ.

ನನ್ನ ತಕರಾರು ಎಣ್ಣೆ ಮೇಲಲ್ಲ. ಕೂದಲು ಯಾಕೆ ಉದುರುತ್ತಿದೆ ಅಂತ ಒಬ್ಬರೂ ಕೇಳಲ್ಲವಲ್ಲ, ಅದರ ಮೇಲೆ. ಡೆಂಗಿ, ಟೈಫಾಯ್ಡ್, ಹೆರಿಗೆ ಆದ ಎರಡು ಮೂರು ತಿಂಗಳಿಗೆ ಕೂದಲು ಹಿಡಿ ಹಿಡಿ ಕೈಗೆ ಬರುತ್ತದೆ. ಸಾಮಾನ್ಯವಾಗಿ ಏನೂ ಹಚ್ಚದಿದ್ದರೂ ಕೆಲವು ತಿಂಗಳಲ್ಲಿ ತಾನೇ ನಿಂತು ಮತ್ತೆ ಬೆಳೆಯುತ್ತದೆ. ನಮ್ಮನೆಯವಳಿಗೆ ಡೆಂಗಿ ಬಂದು ಹೋದ ಮೇಲೆ ಹೀಗೇ ಆಯಿತು. ನಮ್ಮತ್ತೆ ಗರಗದ ಸೊಪ್ಪು, ದಾಸವಾಳ, ಮೆಂತ್ಯ ಹಾಕಿ ಎಣ್ಣೆ ಕಾಯಿಸಿದರು. ಕೂದಲು ಬಂತು. ಇವತ್ತಿಗೂ ಆ ಎಣ್ಣೆಗೆ ನೆಂಟರಲ್ಲೆಲ್ಲ ಹೆಸರು. ನಾನು ತುಟಿ ಬಿಚ್ಚಲಿಲ್ಲ. ಅತ್ತೆ ಮುಂದೆ ಯಾರು ಬಿಚ್ಚುತ್ತಾರೆ? ನಿಜ ಹೇಳಬೇಕಂದರೆ, ಆ ಎಣ್ಣೆಯ ವಾಸನೆ ನನಗೂ ಇಷ್ಟ.

ಆದರೆ ಗಂಡಸರ ಈ ಬೋಳು ಬೇರೆ. ವಂಶದಲ್ಲಿ ಬರುವಂಥದ್ದು. ಡಿಎಚ್‌ಟಿ ಅನ್ನುವ ಹಾರ್ಮೋನ್ ಕೂದಲಿನ ಬುಡವನ್ನು ವರ್ಷ ವರ್ಷ ಸಣ್ಣ ಮಾಡುತ್ತಾ ಹೋಗುತ್ತದೆ. ಇದು ಕಾದರೆ ವಾಪಸ್ ಬರಲ್ಲ. ಇದಕ್ಕೆ ಕೊಡುವ ಮಿನಾಕ್ಸಿಡಿಲ್ ಮೊದಲು ಬಿಪಿ ಮಾತ್ರೆ. ನುಂಗಿದವರಿಗೆ ಮೈಮೇಲೆ ಕೂದಲು ಬೆಳೆಯತೊಡಗಿತು. 1988ರಲ್ಲಿ ಅಮೆರಿಕದಲ್ಲಿ ಅದನ್ನೇ ತಲೆಗೆ ಹಚ್ಚಲು ಒಪ್ಪಿಗೆ ಸಿಕ್ಕಿತು. ಡಿಎಚ್‌ಟಿ ಕಡಿಮೆ ಮಾಡುವ ಫಿನಾಸ್ಟರೈಡ್ ಪ್ರಾಸ್ಟೇಟ್ ಮಾತ್ರೆ, 1997ರಲ್ಲಿ ಕೂದಲಿಗೂ ಬಂತು. ಇದರಿಂದ ಕೆಲವರಿಗೆ ಲೈಂಗಿಕ ತೊಂದರೆ ಆಗುತ್ತದೆ, ಸುಳ್ಳಲ್ಲ. ಅದಕ್ಕೇ ಡಾಕ್ಟರ ಚೀಟಿ ಬೇಕು ಅನ್ನುವುದು. ಮುದ್ದೆ ನುಂಗುತ್ತಾ ತೀರ್ಪು ಕೊಡುವ ವಿಷಯವಾ ಇದು? ಔಷಧಿ ಬಿಟ್ಟರೆ ಅದರ ಫಲವೂ ಹೋಗುತ್ತದೆ, ಅದನ್ನೂ ಹೇಳಿಯೇ ಕೊಡುತ್ತೇನೆ.

"ರೋಸ್ಮರಿ ಎಣ್ಣೆ ಮಿನಾಕ್ಸಿಡಿಲ್‌ಗೆ ಸಮ ಅಂತ ಪ್ರೂವ್ ಆಗಿದೆ" ಅನ್ನುವವರು ಇದ್ದೀರಿ. 2015ರಲ್ಲಿ ಪ್ರಕಟವಾದ ಇರಾನಿನ ಪರೀಕ್ಷೆ ತಾನೇ? 100 ಜನ, 6 ತಿಂಗಳು. ಹೋಲಿಸಿದ್ದು 2 ಪರ್ಸೆಂಟ್ ಔಷಧಿ ಜೊತೆ; ಗಂಡಸರಿಗೆ ಸಾಮಾನ್ಯವಾಗಿ ಬರೆದುಕೊಡುವುದು 5. ಏನೂ ಹಚ್ಚದವರ ಗುಂಪೇ ಅದರಲ್ಲಿ ಇರಲಿಲ್ಲ. ಅಷ್ಟಕ್ಕೇ ಕುಣಿಯಬೇಡಿ.

ಹುಣಸೂರು ಹತ್ತಿರದ ಪಕ್ಷಿರಾಜಪುರದ ಹಕ್ಕಿಪಿಕ್ಕಿ ಬುಡಕಟ್ಟಿನ ಜನ ದೇಶವೆಲ್ಲ ಆ ವಿಡಿಯೊದಂಥ ಎಣ್ಣೆ ಮಾರಿ ನಾಲ್ಕು ಕಾಸು ನೋಡಿದ್ದಾರಾ, ಸಂತೋಷ. 1972ರ ವನ್ಯಜೀವಿ ಕಾಯ್ದೆ ಅವರ ಹಕ್ಕಿ ಬೇಟೆ ನಿಲ್ಲಿಸಿತು. ಏನಾದರೂ ಮಾರಿ ಬದುಕಬೇಕಲ್ವಾ? ನನ್ನ ಸಿಟ್ಟು ಕೊಳ್ಳುವವರ ಮೇಲೆ. ಸೊಪ್ಪಿನ ಮೇಲೆ ಅಷ್ಟು ನಂಬಿಕೆ ಇದ್ದರೆ ಮೈಸೂರಿನ ಸಯ್ಯಾಜಿರಾವ್ ರಸ್ತೆಗೆ ಹೋಗಿ. 1908ರಲ್ಲಿ ಶುರುವಾದ ಸರ್ಕಾರಿ ಆಯುರ್ವೇದ ಕಾಲೇಜು ಅಲ್ಲೇ ಇದೆ. ಅಲ್ಲಿನ ವೈದ್ಯರೂ ಮೊದಲು ನಿದ್ದೆ, ಊಟ, ಜ್ವರ, ಅಪ್ಪನ ತಲೆ ಎಲ್ಲ ವಿಚಾರಿಸುತ್ತಾರೆ. ನಿಮಗೆ ಅಷ್ಟೂ ಪುರುಸೊತ್ತಿಲ್ಲ. ವಿಡಿಯೊ ನೋಡಿ ದುಡ್ಡು ಕಳಿಸುತ್ತೀರಿ.

ಈ ಪೋಸ್ಟಿನ ಕೆಳಗೆ ಯಾರಾದರೂ ಎಣ್ಣೆ ಆರ್ಡರ್ ಮಾಡುವ ನಂಬರ್ ಹಾಕಿದರೆ ನೇರ ಬ್ಲಾಕ್. ಭಾವ, ನಿಮಗೂ ಸೇರಿಸಿಯೇ ಹೇಳುತ್ತಿದ್ದೇನೆ.